ಹಳೇ ಕೈ, ಎಳೇ ಕಣ್ಣು ಸೇರಿದರೆ ಮೆಕ್ಕೆಜೋಳ ಉಳಿದೀತು

ನಮ್ಮದು ಜಗಳೂರು ಸೀಮೆಯ ಮಳೆಯಾಶ್ರಿತ ಬೇಸಾಯ. ಚನ್ನಗಿರಿಯವರಿಗೆ ಸೂಳೆಕೆರೆ, ಹೊನ್ನಾಳಿಯವರಿಗೆ ತುಂಗಭದ್ರೆ ಇದೆ. ನಮಗೆ ಮುಗಿಲೇ ಗತಿ. ನ್ಯಾಮತಿ ಕಡೆಯವರಂತೆ ನಾವೂ ಮುಂಗಾರಿಗೆ ಹೆಚ್ಚಾಗಿ ಹಾಕುವುದು ಮೆಕ್ಕೆಜೋಳ. ಕೂಲಿ ಕೊಟ್ಟು ಪೂರೈಸದ್ದರಿಂದ ನಾಲ್ಕು ಮನೆಯವರು ಮುಯ್ಯಾಳು ಮಾಡಿಕೊಂಡಿದ್ದೇವೆ. ಎಪ್ಪತ್ತು ದಾಟಿದ ಅಜ್ಜಂದಿರೂ ಇದ್ದಾರೆ, ಇಪ್ಪತ್ತರ ಹುಡುಗರೂ ಇದ್ದಾರೆ. ನಾನು ನಡುವಿನವ.

"ಇವಕ್ಕೆ ಮೊಬೈಲು ಬಿಟ್ರೆ ಏನು ಗೊತ್ತೈತಿ?" ಅನ್ನುವುದು ಹಿರಿಯರ ಮಾತು. "ಅಜ್ಜಗೆ ಎಷ್ಟು ಹೇಳಿದ್ರೂ ಅಷ್ಟೇ" ಅನ್ನುವುದು ಹುಡುಗರದು. ಇವರನ್ನು ಒಂದು ಮಾಡಿದ್ದು ಒಂದು ಹುಳು!

ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಶಿವಮೊಗ್ಗ ಕಡೆಯ ಮೆಕ್ಕೆಜೋಳದಲ್ಲಿ. ನಮ್ಮ ಹೊಲಕ್ಕೂ ಬಂತು. ಹಿರಿಯರು ಕಂಡ ಹುಳು ಇದಲ್ಲ. ಹುಡುಗರೇ ಫೋಟೋ ತೆಗೆದು, ವಿಚಾರಿಸಿ ಗುರುತು ಹಿಡಿದರು. ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ.

ಹುಡುಗರು ಕೂಡಲೇ ಪಂಪು ಹೊತ್ತರು. ಹಗಲು ಹುಳು ಸುಳಿಯ ಆಳದಲ್ಲಿರುತ್ತದೆ, ಮೇಲೆ ಹಿಕ್ಕೆಯ ಮುಚ್ಚಳ. ಔಷಧ ಎಲೆಗೆ ಬಿತ್ತು, ಹುಳುವಿಗೆ ತಾಗಲಿಲ್ಲ. ಅಜ್ಜ ಒಬ್ಬರು "ಸುಳಿಗೆ ಮರಳು ಹಾಕ್ರೋ" ಅಂದರು. ಹುಡುಗರು ನಕ್ಕರು. ನೋಡಿದರೆ, ಬಿತ್ತಿದ 30 ದಿನದೊಳಗೆ 9 ಪಾಲು ಮರಳಿಗೆ 1 ಪಾಲು ಸುಣ್ಣ ಬೆರೆಸಿ ಸುಳಿಗೆ ಹಾಕಬೇಕೆಂದು ವಿಜ್ಞಾನಿಗಳೂ ಹೇಳುತ್ತಾರೆ.

ಅಲ್ಲಿಂದ ಕೆಲಸ ಹಂಚಿಕೊಂಡೆವು. ಮೊಳಕೆಯಾದ ಮೇಲೆ ವಾರಕ್ಕೆರಡು ಸಲ ಹುಡುಗರು ಸಾಲು ತಿರುಗಿ, ಎಲೆಗೆ ಗುಂಪಾಗಿ ಅಂಟಿದ ಮೊಟ್ಟೆ ಹುಡುಕಿ ಹೊಸಕುತ್ತಾರೆ. ಎಳೇ ಕಣ್ಣಿಗೆ ಬೇಗ ಕಾಣುತ್ತದೆ. ಸುಳಿಗೆ ಮರಳು ಹಾಕುವುದು, ಮಳೆಯ ಅಂದಾಜು, ಅಕ್ಕಡಿ ಸಾಲಿಗೆ ತೊಗರಿ ಎಲ್ಲವೂ ಹಿರಿಯರ ಪಾಲು. 100 ಗಿಡದಲ್ಲಿ 10ಕ್ಕೆ ಹುಳು ದಾಟಿದರೆ ಮಾತ್ರ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, ಲೀಟರ್ ನೀರಿಗೆ 0.4 ಗ್ರಾಂ. ಸಂಜೆ ಹೊತ್ತು, ಸುಳಿಗೇ ಬೀಳುವಂತೆ. ಮುಖಕ್ಕೆ ಬಟ್ಟೆ, ಕೈಗೆ ಗವಸು ಬೇಕೇ ಬೇಕು.

ನಮ್ಮ ಕಟ್ಟಳೆ ಮೂರೇ. ತಕರಾರು ಬಂದರೆ ನಾಲ್ಕು ಸಾಲು ಹಿಂಗೆ, ನಾಲ್ಕು ಸಾಲು ಹಂಗೆ ಮಾಡಿ ನೋಡುವುದು. ಬೆಳೆಯೇ ತೀರ್ಪು ಕೊಡಲಿ. ಲೆಕ್ಕ ಹುಡುಗರು ಬರೆದು ಎಲ್ಲರೆದುರು ಓದುವುದು. ಯಾರನ್ನೂ ನಾಲ್ಕು ಜನರ ಮುಂದೆ ಬೈಯದಿರುವುದು.

ಹುಡುಗರು ಬೆಂಗಳೂರು ಬಸ್ಸು ಹತ್ತುತ್ತಾರೆಂದು ಎಲ್ಲರೂ ಗೊಣಗುತ್ತೇವೆ. ಹೊಲದಲ್ಲಿ ಅವರ ಮಾತು ನಡೆಯದಿದ್ದರೆ ಯಾಕಾದರೂ ನಿಂತಾರು? ಹಂಗಂತ ಅಜ್ಜನನ್ನು ಕಟ್ಟೆಗೆ ಕೂರಿಸಿದರೆ ಐವತ್ತು ಮಳೆಗಾಲದ ಅರಿವೂ ಕಟ್ಟೆಯಲ್ಲೇ ಕೂರುತ್ತದೆ. ಮಳೆ ನಂಬಿದ ನಮಗೆ ಇಬ್ಬರೂ ಬೇಕು.