ಸೋರುವ ಕಿವಿ ಎಲುಬನ್ನೂ ತಿನ್ನುತ್ತದೆ

ನಮ್ಮ ಮದ್ರಸದಲ್ಲಿ ಹತ್ತು ವರ್ಷದ ಒಬ್ಬ ಹುಡುಗ ಇದ್ದ. 'ಸೀನ್' ಎಂದು ಹೇಳಿಕೊಟ್ಟರೆ 'ಶೀನ್' ಎನ್ನುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಓದಿನ ಮೇಲೆ ಗಮನ ಇಲ್ಲ ಎಂದು ಎಷ್ಟೋ ಸಲ ಗದರಿಸಿದ್ದೇನೆ. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡಾಗ ಅವನ ಕಿವಿಯಿಂದ ಕೆಟ್ಟ ವಾಸನೆ ಬಂತು. ಉಮ್ಮನನ್ನು ಕರೆಸಿ ಕೇಳಿದೆ. "ಅದು ಚಿಕ್ಕಂದಿನಿಂದ ಸೋರ್ತದೆ ಉಸ್ತಾದ್, ನೋವೇನೂ ಇಲ್ಲ. ದೊಡ್ಡವನಾದ್ರೆ ಹೋಗ್ತದೆ" ಅಂದರು.

ಹೋಗಲಿಲ್ಲ. ಕಿವಿ ಡಾಕ್ಟರು ಸ್ಕ್ಯಾನ್ ಮಾಡಿಸಿದಾಗ ಒಳಗಿನ ಎಲುಬೊಂದು ಆಗಲೇ ಸವೆದಿತ್ತು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಕಿವಿ ಸೋರುವುದನ್ನು ಯಾರೂ ಕಾಯಿಲೆ ಎಂದೇ ಲೆಕ್ಕಕ್ಕಿಡುವುದಿಲ್ಲ. ಬೆಳ್ಳುಳ್ಳಿ ಹಾಕಿದ ಬಿಸಿ ಎಣ್ಣೆ ಬಿಡುತ್ತೇವೆ, ಹತ್ತಿ ತುರುಕುತ್ತೇವೆ, ಮರೆಯುತ್ತೇವೆ. ಅದಕ್ಕೇ ಈ ವಿಷಯ ಬರೆಯುತ್ತಿದ್ದೇನೆ.

ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆಯಿದೆ. ಅದೇ ನಡುಗಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಸರಪಳಿಯ ಹಾಗೆ ಜೋಡಿಕೊಂಡಿವೆ. ರಿಕಾಪು ಸುಮಾರು 3 ಮಿಲಿಮೀಟರ್ ಅಷ್ಟೇ, ದೇಹದಲ್ಲೇ ಅತಿ ಚಿಕ್ಕ ಎಲುಬು. ಶಬ್ದ ಒಳಗೆ ಹೋಗುವುದು ಈ ಮೂರರ ಮೂಲಕ.

ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಕೊಳವೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಅಡ್ಡಲಾಗಿಯೂ ಇರುತ್ತದೆ. ಆದ್ದರಿಂದ ನೆಗಡಿಯ ಸೋಂಕು ಸುಲಭವಾಗಿ ಕಿವಿಗೆ ದಾಟುತ್ತದೆ. ಕೀವು ತುಂಬಿ ತಮಟೆ ತೂತಾದರೆ ಕಿವಿ ಸೋರುತ್ತದೆ. ಆ ಕೊಳವೆ ಬಹಳ ಕಾಲ ಮುಚ್ಚಿಕೊಂಡರೆ ಇನ್ನೊಂದು ತೊಂದರೆ. ಒಳಗೆ ಗಾಳಿಯ ಒತ್ತಡ ಕಡಿಮೆಯಾಗಿ ತಮಟೆಯ ಒಂದು ಭಾಗ ಒಳಕ್ಕೆ ಎಳೆದುಕೊಂಡು ಚೀಲದ ಹಾಗಾಗುತ್ತದೆ. ಉದುರುವ ಸತ್ತ ಚರ್ಮ ಹೊರಗೆ ಬರಲಾರದೆ ಆ ಚೀಲದಲ್ಲೇ ಕೂಡಿ ಕೊಳೆಯುತ್ತದೆ. ಇದಕ್ಕೆ ಡಾಕ್ಟರುಗಳು ಕೊಲೆಸ್ಟಿಯಾಟೋಮ ಎನ್ನುತ್ತಾರೆ.

ಇದು ಕ್ಯಾನ್ಸರ್ ಅಲ್ಲ. ಆದರೆ ಚೀಲ ದೊಡ್ಡದಾಗುತ್ತಾ ಸುತ್ತಲಿನ ಎಲುಬನ್ನು ಒತ್ತುತ್ತದೆ. ಅಲ್ಲಿನ ಉರಿಯೂತವು ಎಲುಬು ಕರಗಿಸುವ ಜೀವಕೋಶಗಳನ್ನು ಕೆರಳಿಸುತ್ತದೆ. ಹೆಚ್ಚಾಗಿ ಮೊದಲು ಸವೆಯುವುದು ಅಡಿಗಲ್ಲಿನ ತುದಿ, ಅಲ್ಲಿಗೆ ರಕ್ತದ ಹರಿವು ಕಡಿಮೆ. ಸರಪಳಿ ಕಡಿದರೆ ಕೇಳಿಸುವುದು ಕಡಿಮೆಯಾಗುತ್ತದೆ. ಅಲ್ಲಿಗೇ ನಿಲ್ಲದೆ ಸಮತೋಲನದ ನಾಳದ ಎಲುಬು ಸವೆದರೆ ತಲೆ ತಿರುಗುತ್ತದೆ. ಮುಖದ ನರ ಸಾಗುವ ಎಲುಬು ಸವೆದರೆ ಬಾಯಿ ಸೊಟ್ಟಗಾಗಬಹುದು, ಕಣ್ಣು ಮುಚ್ಚಲು ಬಾರದಿರಬಹುದು. ನಡುಗಿವಿಯ ಚಾವಣಿಯೂ ತೆಳ್ಳಗಿನ ಎಲುಬೇ, ಅದರ ಮೇಲೆ ಮೆದುಳು. ಅದು ತೂತಾದರೆ ಮೆದುಳು ಜ್ವರ, ಮೆದುಳಲ್ಲಿ ಕೀವು. ಜೀವಕ್ಕೇ ಅಪಾಯ.

ಇಷ್ಟೆಲ್ಲ ಆಗುವಾಗಲೂ ಹೆಚ್ಚಿನವರಿಗೆ ನೋವಿರುವುದಿಲ್ಲ. ಸ್ವಲ್ಪವೇ ಸೋರುತ್ತದೆ, ಆದರೆ ಕೊಳೆತ ವಾಸನೆ ಇರುತ್ತದೆ. ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಸುಮ್ಮನಿರಬೇಡಿ. ಎರಡು ವಾರ ದಾಟಿ ಸೋರಿದರೆ ಕಿವಿ ಡಾಕ್ಟರಿಗೆ ತೋರಿಸಿ. ಕಿವಿ ಸೋರುವವರಿಗೆ ಜ್ವರದೊಂದಿಗೆ ತೀವ್ರ ತಲೆನೋವು, ತಲೆ ತಿರುಗುವುದು, ಕಿವಿ ಹಿಂದೆ ಬಾವು, ಬಾಯಿ ಸೊಟ್ಟಗಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಕೊಲೆಸ್ಟಿಯಾಟೋಮಾಕ್ಕೆ ಹನಿ ಮದ್ದು ಸಾಲದು, ಆಪರೇಷನ್ ಬೇಕು. ಕಾಯಿಲೆಯ ಚೀಲವನ್ನು ತೆಗೆದು ಕಿವಿಯನ್ನು ಒಣಗಿಸಿ ಜೀವ ಉಳಿಸುವುದು ಮೊದಲು, ಕೇಳಿಸುವಿಕೆ ಆಮೇಲೆ. ಮತ್ತೆ ಬರಬಹುದಾದ್ದರಿಂದ ವರ್ಷಗಟ್ಟಲೆ ತೋರಿಸುತ್ತಿರಬೇಕು.

ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮುಂದೆ ಕಡೂರಿನವರಿಗೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ತರೀಕೆರೆ ಕಡೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಕಿವಿ ಕೇಳಿಸುವಿಕೆಯ ಪರೀಕ್ಷೆಗೆ 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಕಿವುಡುತನ ತಡೆಯಲು ಸರ್ಕಾರ 2007ರಿಂದಲೇ ರಾಷ್ಟ್ರೀಯ ಕಾರ್ಯಕ್ರಮ ನಡೆಸುತ್ತಿದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮರೆಯದೆ ಒಯ್ದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಕೇಳಿ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಸೋರುವ ಕಿವಿಗೆ ಎಣ್ಣೆ, ಸೊಪ್ಪಿನ ರಸ ಬಿಡಬೇಡಿ. ಪಿನ್ನು, ಕಡ್ಡಿ ಹಾಕಬೇಡಿ. ಕೆರೆ, ಕಾಲುವೆಯಲ್ಲಿ ಮುಳುಗಲು ಬಿಡಬೇಡಿ. ಸ್ನಾನಕ್ಕೆ ಮುಂಚೆ ವ್ಯಾಸಲಿನ್ ಹಚ್ಚಿದ ಹತ್ತಿ ಇಟ್ಟು ಆಮೇಲೆ ತೆಗೆಯಿರಿ. ವುಝೂ ಮಾಡುವಾಗ ಒದ್ದೆ ಬೆರಳಿನಿಂದ ಕಿವಿ ಸವರುವುದು ಸುನ್ನತ್, ಒಳಗೆ ನೀರು ಬಿಡಬೇಕಾಗಿಲ್ಲ. ಮಕ್ಕಳಿಗೂ ಹಾಗೆಯೇ ಕಲಿಸಿ.

ಆ ಹುಡುಗನಿಗೆ ಆಪರೇಷನ್ ಆಯಿತು. ಕಿವಿ ಒಣಗಿದೆ, ಆದರೆ ಪೂರ್ತಿ ಕೇಳಿಸುವುದಿಲ್ಲ. ಈಗ ಅವನ ಒಳ್ಳೆಯ ಕಿವಿ ನನ್ನ ಕಡೆ ಇರುವ ಹಾಗೆ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. 'ಸೀನ್' ಸರಿಯಾಗಿ ಹೇಳುತ್ತಾನೆ. ಗದರಿಸಿದ ದಿನಗಳು ನೆನಪಾದಾಗ ನನಗೇ ನಾಚಿಕೆಯಾಗುತ್ತದೆ. ನಿಮ್ಮ ಮಗು ಕರೆದರೆ ತಿರುಗದಿದ್ದಾಗ ಬೈಯುವ ಮೊದಲು ಅದರ ಕಿವಿ ನೋಡಿ.