ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆಸಬೇಕೆ?

ನಲವತ್ತು ದಾಟಿದ ನಾಲ್ಕು ಹೆಂಗಸರು ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಒಬ್ಬರಿಗೆ ಮುಟ್ಟು ಶುರುವಾದರೆ ಹತ್ತು ದಿನವಾದರೂ ನಿಲ್ಲುವುದಿಲ್ಲ. ಇನ್ನೊಬ್ಬರ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿದೆ. ಆಗಲೇ ಆಪರೇಷನ್ ಮಾಡಿಸಿಕೊಂಡವರೊಬ್ಬರು "ತೆಗೆಸಿಬಿಡು, ಪೀಡೆ ಕಳೀತದೆ" ಎಂದು ಧೈರ್ಯ ಹೇಳುತ್ತಾರೆ. ಮನೆಯಲ್ಲಿ ಹಿರಿಯರು "ಮಕ್ಕಳಾದವಲ್ಲ, ಇನ್ನು ಅದನ್ನ ಇಟ್ಕೊಂಡು ಏನು ಮಾಡ್ತೀಯ" ಎನ್ನುತ್ತಾರೆ. ಕೊನೆಗೆ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತು ಮಾಡುವಾಗ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: "ಹೇಗೂ ಗರ್ಭಕೋಶ ತೆಗೀತೀವಲ್ಲ ಅಮ್ಮ, ಓವರೀನೂ ತೆಗೆದುಬಿಡೋಣ. ಮುಂದೆ ಕ್ಯಾನ್ಸರ್ ಭಯ ಇರಲ್ಲ."

ಈ ಕೊನೆಯ ಮಾತಿಗೆ ತಲೆಯಾಡಿಸುವ ಮುನ್ನ ಸ್ವಲ್ಪ ತಡೆಯಬೇಕು. ಗರ್ಭಕೋಶ ತೆಗೆಸುವುದು ಒಂದು ತೀರ್ಮಾನ, ಅಂಡಾಶಯ ತೆಗೆಸುವುದು ಇನ್ನೊಂದು ತೀರ್ಮಾನ. ಎರಡೂ ಒಂದೇ ದಿನ, ಒಂದೇ ಟೇಬಲ್ಲಿನ ಮೇಲೆ ನಡೆಯಬಹುದು. ಆದರೆ ಎರಡಕ್ಕೂ ಕಾರಣಗಳು ಬೇರೆ, ಮುಂದಿನ ಬದುಕಿನ ಮೇಲೆ ಆಗುವ ಪರಿಣಾಮವೂ ಬೇರೆ. ಈ ಅಧ್ಯಾಯ ಮುಖ್ಯವಾಗಿ ಹೇಳಹೊರಟಿರುವುದು ಇದನ್ನೇ.

ಎರಡು ಅಂಗ, ಎರಡು ಕೆಲಸ

ಗರ್ಭಕೋಶ ಸ್ನಾಯುಗಳ ಚೀಲ. ಮಗುವನ್ನು ಹೊರುವುದು, ತಿಂಗಳು ತಿಂಗಳು ಒಳಪದರವನ್ನು ಮುಟ್ಟಿನ ರೂಪದಲ್ಲಿ ಹೊರಹಾಕುವುದು ಅದರ ಕೆಲಸ. ಅದನ್ನು ತೆಗೆದರೆ ಮುಟ್ಟು ನಿಲ್ಲುತ್ತದೆ, ಗರ್ಭ ನಿಲ್ಲುವುದಿಲ್ಲ.

ಅದರ ಎರಡೂ ಪಕ್ಕದಲ್ಲಿರುವ ಬಾದಾಮಿಯಷ್ಟು ಗಾತ್ರದ ಅಂಡಾಶಯಗಳ ಕೆಲಸ ಇದಕ್ಕಿಂತ ವಿಸ್ತಾರವಾದದ್ದು. ಅವು ಅಂಡಾಣುಗಳನ್ನು ಬಿಡುಗಡೆ ಮಾಡುವುದಲ್ಲದೆ ಈಸ್ಟ್ರೋಜನ್, ಪ್ರೊಜೆಸ್ಟರಾನ್, ಟೆಸ್ಟೋಸ್ಟೆರಾನ್ ಹಾರ್ಮೋನುಗಳನ್ನು ತಯಾರಿಸುತ್ತವೆ. ಮೂಳೆ ಗಟ್ಟಿಯಾಗಿರುವುದು, ರಕ್ತನಾಳಗಳು ಮೃದುವಾಗಿರುವುದು, ನಿದ್ದೆ, ಮನಸ್ಸಿನ ಸಮತೋಲ, ಯೋನಿ ಮತ್ತು ಮೂತ್ರನಾಳದ ಪದರಗಳ ಆರೋಗ್ಯ, ಇವೆಲ್ಲದರಲ್ಲೂ ಈಸ್ಟ್ರೋಜನ್ನಿನ ಪಾಲಿದೆ. ಸಹಜವಾಗಿ ಮುಟ್ಟು ನಿಂತ ಮೇಲೂ ಅಂಡಾಶಯ ಪೂರ್ತಿ ಸುಮ್ಮನಾಗುವುದಿಲ್ಲ. ಟೆಸ್ಟೋಸ್ಟೆರಾನ್ ಮತ್ತು ಅದರ ಬಳಗದ ಹಾರ್ಮೋನುಗಳನ್ನು ಇನ್ನೂ ಹಲವು ವರ್ಷ ಸ್ವಲ್ಪ ಸ್ವಲ್ಪವಾಗಿ ತಯಾರಿಸುತ್ತಲೇ ಇರುತ್ತದೆ. ದೇಹದ ಕೊಬ್ಬು ಅದರಲ್ಲಿ ಒಂದಿಷ್ಟನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಆದ್ದರಿಂದ "ಮುಟ್ಟು ನಿಲ್ಲುವ ವಯಸ್ಸಾಯಿತು, ಇನ್ನು ಅಂಡಾಶಯ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ" ಎಂಬ ಮಾತು ಸರಿಯಲ್ಲ.

ಮೊದಲ ಪ್ರಶ್ನೆ: ಗರ್ಭಕೋಶ ತೆಗೆಸಲೇಬೇಕೆ?

ತೆಗೆಸಲೇಬೇಕಾದ ಸಂದರ್ಭಗಳಿವೆ. ಗರ್ಭಕೋಶದ ಕ್ಯಾನ್ಸರ್, ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಕೆಲವು ಹಂತಗಳು, ಅಂಡಾಶಯದ ಕ್ಯಾನ್ಸರ್ ಇದ್ದರೆ ಎರಡನೇ ಮಾತಿಲ್ಲ. ಔಷಧಕ್ಕೆ ಬಗ್ಗದ ರಕ್ತಸ್ರಾವ, ತುಂಬ ದೊಡ್ಡದಾದ ಫೈಬ್ರಾಯ್ಡ್ ಗಡ್ಡೆಗಳು, ಗರ್ಭಕೋಶದ ಗೋಡೆಯೇ ದಪ್ಪವಾಗಿ ತೀವ್ರ ನೋವು ಕೊಡುವ ಅಡಿನೋಮಯೋಸಿಸ್, ಗರ್ಭಕೋಶ ಜಾರಿ ಕೆಳಗೆ ಬರುವುದು, ಇಂಥ ಕಡೆ ಆಪರೇಷನ್ ಮಾಡಿಸಿಕೊಂಡ ಎಷ್ಟೋ ಹೆಂಗಸರು ಹೊಸ ಜೀವ ಬಂದಂತೆ ಓಡಾಡಿಕೊಂಡಿದ್ದಾರೆ. ಅವರ ನೆಮ್ಮದಿಯನ್ನು ಯಾರೂ ಅಲ್ಲಗಳೆಯಬಾರದು.

ಆದರೆ ಆ ಮೆಟ್ಟಿಲಿಗೆ ಹೋಗುವ ಮುನ್ನ ಏರಬೇಕಾದ ಮೆಟ್ಟಿಲುಗಳಿವೆ. ಹೆಚ್ಚು ರಕ್ತ ಹೋಗುತ್ತಿದ್ದರೆ ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಆಗಬೇಕು. ಸ್ಕ್ಯಾನಿಂಗ್ ಆಗಬೇಕು. 45 ದಾಟಿದವರಿಗೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಚಿಕಿತ್ಸೆ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಕಾಪರ್-ಟಿಯಂತೆಯೇ ಒಳಗೆ ಇಡುವ, ಹಾರ್ಮೋನನ್ನು ನಿಧಾನವಾಗಿ ಬಿಡುವ ಸಾಧನವನ್ನು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಅತಿ ರಕ್ತಸ್ರಾವಕ್ಕೆ ಮೊದಲ ಆಯ್ಕೆಯಾಗಿ ಸೂಚಿಸುತ್ತದೆ. ಫಿನ್ಲೆಂಡಿನಲ್ಲಿ ಅತಿ ರಕ್ತಸ್ರಾವದ 236 ಮಹಿಳೆಯರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಈ ಸಾಧನ ಹಾಕಿ, ಇನ್ನೊಂದು ಗುಂಪಿಗೆ ಗರ್ಭಕೋಶ ತೆಗೆಯಲು ಗೊತ್ತುಮಾಡಿ ಐದು ವರ್ಷ ಗಮನಿಸಿದರು. ಸಾಧನ ಹಾಕಿಸಿಕೊಂಡವರಲ್ಲಿ ನೂರಕ್ಕೆ 42 ಮಂದಿ ಕೊನೆಗೆ ಆಪರೇಷನ್ ಮಾಡಿಸಿಕೊಂಡರು, ಉಳಿದ 58 ಮಂದಿಗೆ ಅದರ ಅಗತ್ಯವೇ ಬೀಳಲಿಲ್ಲ. ಎರಡೂ ಗುಂಪಿನವರ ನೆಮ್ಮದಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.

ಫೈಬ್ರಾಯ್ಡ್ ಗಡ್ಡೆಗಳ ಬಗ್ಗೆ ಒಂದು ಸಮಾಧಾನದ ಸಂಗತಿಯಿದೆ. ಅವು ಕ್ಯಾನ್ಸರ್ ಆಗುವುದು ಬಹಳ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಅವು ತಾವೇ ಕುಗ್ಗುತ್ತವೆ. 48ರ ಹೆಂಗಸಿಗೆ ತೊಂದರೆ ಕೊಡದ ಸಣ್ಣ ಗಡ್ಡೆಯಿದ್ದರೆ ಕಾಯುವುದೂ ಒಂದು ಚಿಕಿತ್ಸೆಯೇ.

ಸ್ಕ್ಯಾನಿಂಗ್ ವರದಿಯ ಕೆಲವು ಪದಗಳು ಸುಮ್ಮನೆ ಹೆದರಿಸುತ್ತವೆ. 'ಬಲ್ಕಿ ಯೂಟರಸ್' ಎಂದರೆ ಗರ್ಭಕೋಶ ಸ್ವಲ್ಪ ದಪ್ಪಗಿದೆ ಎಂದಷ್ಟೇ. ಹೆತ್ತವರಲ್ಲಿ ಇದು ಸಾಮಾನ್ಯ. 'ನಬೋಥಿಯನ್ ಸಿಸ್ಟ್' ಎಂಬುದು ಗರ್ಭಕೋಶದ ಕೊರಳಿನಲ್ಲಿರುವ ನಿರಪಾಯದ ಸಣ್ಣ ಗುಳ್ಳೆ. ಬಿಳಿ ಸೆರಗಿಗೆ ಸೋಂಕು ಕಾರಣವಾಗಿದ್ದರೆ ಮಾತ್ರೆಯಲ್ಲಿ ವಾಸಿಯಾಗುತ್ತದೆ. ಇವು ಯಾವುವೂ ಗರ್ಭಕೋಶ ತೆಗೆಯಲು ಕಾರಣವಲ್ಲ.

ಎರಡನೇ ಪ್ರಶ್ನೆ: ಅಂಡಾಶಯವನ್ನು ಏನು ಮಾಡುವುದು?

ಸಹಜವಾಗಿ ಮುಟ್ಟು ನಿಲ್ಲುವಾಗ ಹಾರ್ಮೋನು ಕೆಲವು ವರ್ಷಗಳ ಕಾಲ ಏರಿಳಿದು ಮೆಲ್ಲಗೆ ತಗ್ಗುತ್ತದೆ. ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೋಜನ್ ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರುವುದು, ರಾತ್ರಿ ಬೆವತು ಎಚ್ಚರವಾಗುವುದು, ಯೋನಿ ಒಣಗಿ ದಾಂಪತ್ಯ ನೋವಿನದಾಗುವುದು, ಸಿಡುಕು, ಮರೆವು, ಬೇಸರ ಒಟ್ಟಿಗೇ ಬಂದೆರಗಬಹುದು. ಕಣ್ಣಿಗೆ ಕಾಣದಂತೆ ಮೂಳೆಯ ಸವೆತವೂ ಚುರುಕಾಗುತ್ತದೆ.

ಇನ್ನು ಕ್ಯಾನ್ಸರ್ ಭಯ. ಅಮೆರಿಕದ ಸಾಮಾನ್ಯ ಮಹಿಳೆಯೊಬ್ಬಳಿಗೆ ಇಡೀ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ನಮ್ಮಲ್ಲಿ ಅದಕ್ಕಿಂತ ಕಡಿಮೆ. ಹೃದಯದ ಕಾಯಿಲೆಯಿಂದ ಸಾಯುವ ಹೆಂಗಸರ ಸಂಖ್ಯೆ ಇದರ ಎಷ್ಟೋ ಪಟ್ಟು. ಅಂಡಾಶಯ ತೆಗೆದರೆ ಆ ಕ್ಯಾನ್ಸರಿನ ಅಪಾಯ ಬಹುತೇಕ ಹೋಗುತ್ತದೆ ನಿಜ. ಆದರೆ ಸಣ್ಣ ಅಪಾಯ ಕಳೆಯಲು ಹೋಗಿ ದೊಡ್ಡ ಅಪಾಯ ತಂದುಕೊಳ್ಳುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಅಮೆರಿಕದ ನರ್ಸುಗಳನ್ನು ದಶಕಗಳ ಕಾಲ ಹಿಂಬಾಲಿಸಿದ ನರ್ಸಸ್ ಹೆಲ್ತ್ ಸ್ಟಡಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿಕೊಂಡ 29,380 ಮಹಿಳೆಯರ 24 ವರ್ಷಗಳ ಲೆಕ್ಕ 2009ರಲ್ಲಿ ಪ್ರಕಟವಾಯಿತು. ಅಂಡಾಶಯವನ್ನೂ ತೆಗೆಸಿದವರಲ್ಲಿ ಅಂಡಾಶಯದ ಮತ್ತು ಸ್ತನದ ಕ್ಯಾನ್ಸರ್ ಕಡಿಮೆಯಿತ್ತು. ಹೃದಯದ ಕಾಯಿಲೆಯೂ ಒಟ್ಟು ಸಾವಿನ ಪ್ರಮಾಣವೂ ಹೆಚ್ಚಿದ್ದವು. ಯಾವ ವಯೋಮಾನದಲ್ಲೂ ತೆಗೆಸಿದವರು ಹೆಚ್ಚು ಕಾಲ ಬದುಕಿದ್ದು ಕಾಣಲಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ವಯಸ್ಸಿನ ಗೆರೆಯನ್ನು ಇನ್ನೂ ಸ್ಪಷ್ಟಗೊಳಿಸಿತು. ಅಂಡಾಶಯ ಉಳಿಸಿಕೊಂಡವರಲ್ಲಿ 100 ಸಾವು ಸಂಭವಿಸುವಷ್ಟರಲ್ಲಿ, 45ಕ್ಕೆ ಮುನ್ನ ತೆಗೆಸಿದವರಲ್ಲಿ ಸುಮಾರು 131, 45ರಿಂದ 49ರೊಳಗೆ ತೆಗೆಸಿದವರಲ್ಲಿ ಸುಮಾರು 116. ಐವತ್ತು ದಾಟಿ ತೆಗೆಸಿದವರಲ್ಲಿ ಈ ಹೆಚ್ಚಳ ಕಾಣಲಿಲ್ಲ. ಇವು ಜನರನ್ನು ಗಮನಿಸಿ ಮಾಡಿದ ಅಧ್ಯಯನಗಳು, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳಲ್ಲ. ಹಾಗಾಗಿ ಇದೇ ಕೊನೆಯ ಮಾತೆಂದು ಹೇಳಲಾಗದು. ಆದರೂ ದಿಕ್ಕು ಸ್ಪಷ್ಟ: ವಯಸ್ಸು ಐವತ್ತರೊಳಗಿದ್ದು, ಅಂಡಾಶಯ ಆರೋಗ್ಯವಾಗಿದ್ದು, ಮನೆತನದಲ್ಲಿ ಆ ಕ್ಯಾನ್ಸರ್ ಇಲ್ಲದಿದ್ದರೆ ಉಳಿಸಿಕೊಳ್ಳುವುದೇ ಮೇಲು.

ಈ ಎರಡರ ನಡುವೆ ಒಂದು ದಾರಿಯೂ ಇದೆ. ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವ ಮಾರಕ ಬಗೆಯಲ್ಲಿ ಬಹಳಷ್ಟು ಶುರುವಾಗುವುದು ಅಂಡಾಶಯದಲ್ಲಲ್ಲ, ಅದರ ಪಕ್ಕದ ಗರ್ಭನಾಳದ ತುದಿಯಲ್ಲಿ ಎಂಬುದು ಈಗ ತಿಳಿದಿದೆ. ಹಾಗಾಗಿ ಗರ್ಭಕೋಶದ ಜೊತೆ ನಾಳಗಳನ್ನು ಮಾತ್ರ ತೆಗೆದು ಅಂಡಾಶಯಗಳನ್ನು ಬಿಡುವ ಪದ್ಧತಿ ಬೆಳೆದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವೈದ್ಯರು 2010ರಲ್ಲೇ ಇದನ್ನು ಪ್ರಚಾರ ಮಾಡತೊಡಗಿದರು. ನಿಮ್ಮ ವೈದ್ಯರನ್ನು ಈ ಬಗ್ಗೆ ಅಗತ್ಯವಾಗಿ ಕೇಳಿ.

ಉಳಿಸಿಕೊಂಡರೆ ಯಾವ ತೊಂದರೆಯೂ ಇಲ್ಲವೆಂದಲ್ಲ. ಗರ್ಭಕೋಶ ತೆಗೆದ ಮೇಲೆ ಅಂಡಾಶಯಕ್ಕೆ ರಕ್ತದ ಹರಿವು ಕೆಲವರಲ್ಲಿ ತಗ್ಗಿ ಹಾರ್ಮೋನು ಒಂದೆರಡು ವರ್ಷ ಮೊದಲೇ ನಿಲ್ಲಬಹುದು. ಒಂದು ಸಣ್ಣ ಪಾಲಿನ ಹೆಂಗಸರಿಗೆ ಮುಂದೆ ಸಿಸ್ಟ್ ಅಥವಾ ನೋವಿನ ಕಾರಣಕ್ಕೆ ಇನ್ನೊಂದು ಆಪರೇಷನ್ ಬೇಕಾಗಬಹುದು.

ತೆಗೆಸುವುದೇ ಒಳ್ಳೆಯದಾದವರು

ತಾಯಿ, ಅಕ್ಕತಂಗಿ, ದೊಡ್ಡಮ್ಮ ಚಿಕ್ಕಮ್ಮಂದಿರು, ತಂದೆಯ ಕಡೆಯ ಅತ್ತೆಯಂದಿರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಲೆಕ್ಕವೇ ಬದಲಾಗುತ್ತದೆ. ಬಿಆರ್‌ಸಿಎ-1 ಎಂಬ ಜೀನಿನಲ್ಲಿ ದೋಷವಿದ್ದವರಿಗೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ನಲವತ್ತರ ಆಸುಪಾಸು ಅಥವಾ ಇನ್ನೂ ಹೆಚ್ಚು. ಬಿಆರ್‌ಸಿಎ-2ರಲ್ಲಿ ಅದಕ್ಕಿಂತ ಕಡಿಮೆ, ಆದರೂ ಸಾಮಾನ್ಯರಿಗಿಂತ ಬಹಳ ಹೆಚ್ಚು. ಇಂಥವರಿಗೆ 35ರಿಂದ 45ರ ನಡುವೆಯೇ ಅಂಡಾಶಯ ಮತ್ತು ನಾಳ ತೆಗೆಸಲು ಸಲಹೆ ಕೊಡುತ್ತಾರೆ. ಹಾಲಿವುಡ್ ನಟಿ ಏಂಜೆಲಿನಾ ಜೋಲಿ ತಾಯಿಯನ್ನು ಈ ಕ್ಯಾನ್ಸರಿಗೆ ಕಳೆದುಕೊಂಡವರು. ಬಿಆರ್‌ಸಿಎ-1 ದೋಷ ತಮಗೂ ಇದೆಯೆಂದು ತಿಳಿದ ಮೇಲೆ 2015ರಲ್ಲಿ, 39ನೇ ವಯಸ್ಸಿನಲ್ಲಿ ಅಂಡಾಶಯ ಹಾಗೂ ನಾಳಗಳನ್ನು ತೆಗೆಸಿ ಅದನ್ನು ಬಹಿರಂಗವಾಗಿ ಬರೆದರು. ಗರ್ಭಕೋಶವನ್ನು ಮಾತ್ರ ಉಳಿಸಿಕೊಂಡರು. ತಮ್ಮ ಮನೆತನದಲ್ಲಿ ಗರ್ಭಕೋಶದ ಕ್ಯಾನ್ಸರ್ ಇಲ್ಲ ಎಂಬುದು ಅವರು ಕೊಟ್ಟ ಕಾರಣ. ಎರಡು ಅಂಗಗಳ ಬಗ್ಗೆ ಎರಡು ತೀರ್ಮಾನ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಅಂಡಾಶಯದಲ್ಲಿ ಅನುಮಾನಾಸ್ಪದ ಗಡ್ಡೆಯಿದ್ದವರು, ತೀವ್ರ ಎಂಡೋಮೆಟ್ರಿಯೋಸಿಸ್‌ನಿಂದ ನರಳಿ ಬೇರೆ ಚಿಕಿತ್ಸೆಯೆಲ್ಲ ಸೋತವರು ಕೂಡ ತೆಗೆಸಬೇಕಾಗಬಹುದು. ಐವತ್ತು ದಾಟಿ, ಮುಟ್ಟು ನಿಂತು ವರ್ಷಗಳಾದವರು ಎರಡೂ ಕಡೆ ತೂಗಿ ನೋಡಬಹುದು.

ಸಣ್ಣ ವಯಸ್ಸಿಗೇ ತೆಗೆಸಬೇಕಾಗಿ ಬಂದರೆ ಈಸ್ಟ್ರೋಜನ್ ಚಿಕಿತ್ಸೆಯ ಬಗ್ಗೆ ಆಪರೇಷನ್ನಿಗೆ ಮುನ್ನವೇ ಮಾತಾಡಿ. ಸ್ತನ ಕ್ಯಾನ್ಸರಿನಂಥ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಅದನ್ನು ತೆಗೆದುಕೊಳ್ಳಲು ಹೇಳುತ್ತಾರೆ. ಜೊತೆಗೆ ಮೂಳೆಯ ಸಾಂದ್ರತೆ, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ತಪ್ಪಿಸಬಾರದು.

ಒಪ್ಪಿಗೆ ಪತ್ರದಲ್ಲಿ ಏನಿದೆ?

ಆಪರೇಷನ್ನಿನ ಹಿಂದಿನ ಸಂಜೆ ನರ್ಸ್ ಒಂದು ಹಾಳೆ ತಂದು "ಇಲ್ಲಿ ಸೈನ್ ಮಾಡಿ" ಎನ್ನುತ್ತಾರೆ. ಇಂಗ್ಲಿಷಿನ ಸಾಲುಗಳ ನಡುವೆ ಪೆನ್ನಿನಲ್ಲಿ ತುಂಬಿದ ಕೆಲವು ಅಕ್ಷರಗಳಿರುತ್ತವೆ. 'ಟಿಎಎಚ್' ಎಂದಿದ್ದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುವುದು. 'ಟಿಎಲ್‌ಎಚ್' ಎಂದರೆ ಲ್ಯಾಪರೋಸ್ಕೋಪಿ, 'ವಿಎಚ್' ಎಂದರೆ ಕೆಳಗಿನಿಂದ. ಅದರ ಪಕ್ಕದಲ್ಲಿ 'ಬಿಎಸ್‌ಒ' ಎಂದಿದ್ದರೆ ಎರಡೂ ಕಡೆಯ ನಾಳ ಮತ್ತು ಅಂಡಾಶಯವನ್ನು ತೆಗೆಯುತ್ತಾರೆ ಎಂದರ್ಥ. ಆ ಮೂರು ಅಕ್ಷರ ಯಾಕೆ ಬಂತೆಂದು ಕೇಳದೆ ಸಹಿ ಹಾಕಬೇಡಿ.

ಕೇಳುವ ಹಕ್ಕು ಕಾನೂನಿನದೂ ಹೌದು. ದೆಹಲಿಯಲ್ಲಿ 1995ರಲ್ಲಿ 44 ವರ್ಷದ ಮಹಿಳೆಯೊಬ್ಬರು ಲ್ಯಾಪರೋಸ್ಕೋಪಿ ಪರೀಕ್ಷೆಗೆ ಒಪ್ಪಿ ಮಲಗಿದ್ದರು. ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ, ನಾಳ ಎಲ್ಲವನ್ನೂ ತೆಗೆಯಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಪ್ರಾಣಾಪಾಯವಿಲ್ಲದಿರುವಾಗ, ಪ್ರಾಪ್ತ ವಯಸ್ಸಿನ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟಂತಲ್ಲ ಎಂದು 2008ರಲ್ಲಿ ಕೋರ್ಟ್ ಹೇಳಿತು. ಗಂಡನಾಗಲಿ ಮಗನಾಗಲಿ ಅತ್ತೆಯಾಗಲಿ ನಿಮ್ಮ ಬದಲಿಗೆ ಈ ತೀರ್ಮಾನ ಮಾಡುವಂತಿಲ್ಲ.

ಬಡ ಹೆಂಗಸರ ಪಾಲಿಗೆ ಈ ಎಚ್ಚರ ಇನ್ನೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ನೂರು ಮಹಿಳೆಯರಲ್ಲಿ ಮೂವರಿಗಿಂತ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಅದರಲ್ಲಿ ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿವೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೂ ಅನಗತ್ಯವಾಗಿ ಗರ್ಭಕೋಶ ತೆಗೆದಿದ್ದಾರೆಂಬ ದೂರು 2015ರ ಹೊತ್ತಿಗೆ ಎದ್ದು ತನಿಖೆ ನಡೆಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ, ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿಯೂ ಹೋಗಿ ದಂಡವೂ ಬೀಳುತ್ತದೆಂಬ ಭಯಕ್ಕೆ ಗರ್ಭಕೋಶ ತೆಗೆಸಿದವರು ಬಹಳ. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಆಪರೇಷನ್ ತಡೆಯಲು ಮಾರ್ಗಸೂಚಿ ತಂದಿತು. ಅದನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಇದಕ್ಕಾಗಿ ಜಿಲ್ಲಾ ಮಟ್ಟದಲ್ಲೂ ಉಸ್ತುವಾರಿ ಸಮಿತಿ ಇರಬೇಕು.

ಆಪರೇಷನ್ನಿಗೆ ದಿನ ಗೊತ್ತಾಗುವ ಮುನ್ನ ವೈದ್ಯರನ್ನು ಐದು ಪ್ರಶ್ನೆ ಕೇಳಿ. ನನ್ನ ಕಾಯಿಲೆಯ ಹೆಸರೇನು? ಆಪರೇಷನ್ ಇಲ್ಲದೆ ಯಾವ ಚಿಕಿತ್ಸೆ ಇದೆ, ಅದನ್ನು ಆರು ತಿಂಗಳು ನೋಡಬಹುದೆ? ನನ್ನ ಅಂಡಾಶಯದಲ್ಲಿ ರೋಗವಿದೆಯೆ? ಇಲ್ಲದಿದ್ದರೆ ತೆಗೆಯುವುದೇಕೆ? ನಾಳ ಮಾತ್ರ ತೆಗೆದರೆ ಸಾಲದೆ? ಉತ್ತರ ಸಮಾಧಾನವಾಗದಿದ್ದರೆ ಇನ್ನೊಬ್ಬ ವೈದ್ಯರನ್ನು ಕಾಣಿ. ಕ್ಯಾನ್ಸರ್ ಇಲ್ಲವೆಂದು ಖಚಿತವಾಗಿದ್ದು, ರಕ್ತಸ್ರಾವ ಹತೋಟಿಯಲ್ಲಿದ್ದರೆ ಒಂದೆರಡು ತಿಂಗಳು ಯೋಚಿಸಿದ್ದರಿಂದ ಕೆಡುವುದೇನೂ ಇಲ್ಲ. ತೆಗೆದ ಅಂಡಾಶಯವನ್ನು ಮಾತ್ರ ಯಾರೂ ಮರಳಿ ಇಡಲಾರರು.