ದೋಷ ಲೆನ್ಸಿನದೋ, ಬಿಸಿಲಿನದೋ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನಿಂದ ಮರಳುವ ಹವ್ಯಾಸಿ ಛಾಯಾಗ್ರಾಹಕರ ಮಾತಿನಲ್ಲಿ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯಲ್ಲಿ ಸೊಗಸಾಗಿ ಕಂಡ ಕೃಷ್ಣಮೃಗ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ನೀರಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತದೆ. ಕೊಂಬಿನ ಸುರುಳಿ ಅಂಕುಡೊಂಕು, ಕಣ್ಣಿನ ಸುತ್ತಲಿನ ಬಿಳಿ ವರ್ತುಲ ಮಸುಕು. ಲೆನ್ಸು ಸರಿಯಿಲ್ಲವೆಂಬ ತೀರ್ಮಾನ ಅಲ್ಲಿಯೇ ಆಗಿಬಿಡುತ್ತದೆ. ಮುಂದಿನ ತಿಂಗಳು ಹಳೆಯದನ್ನು ಅರ್ಧ ಬೆಲೆಗೆ ಮಾರಿ, ಸಾಲ ಮಾಡಿಯಾದರೂ ಲಕ್ಷ ರೂಪಾಯಿ ದಾಟುವ ಹೊಸ ಲೆನ್ಸನ್ನು ಕೊಳ್ಳಲಾಗುತ್ತದೆ. ಅದೇ ಮೈದಾನ, ಅದೇ ಹನ್ನೊಂದು ಗಂಟೆಯ ಬಿಸಿಲು, ಫಲಿತಾಂಶವೂ ಅದೇ.

ಹಾಗಾದರೆ ದೋಷ ಎಲ್ಲಿಯದು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಈ ಪ್ರಶ್ನೆಗೆ ಉತ್ತರ ಹುಡುಕಲು ಹೇಳಿ ಮಾಡಿಸಿದಂತಿವೆ. ಒಂದೊಂದು ಕಡೆಯೂ ಕ್ಯಾಮೆರಾವನ್ನು ಒಂದೊಂದು ಬಗೆಯ ಪರೀಕ್ಷೆಗೆ ಒಡ್ಡುತ್ತದೆ. ಚಿತ್ರದ ಕುಂದುಗಳಲ್ಲಿ ಯಾವುದು ಲೆನ್ಸಿನದು, ಯಾವುದು ಗಾಳಿಯದು, ಯಾವುದು ತೆಗೆದವರದು ಎಂಬುದನ್ನು ಬೇರ್ಪಡಿಸಿಕೊಂಡರೆ ಉಳಿಯುವ ಹಣ ಅಲ್ಪವಲ್ಲ.

ಮೈದನಹಳ್ಳಿಯ ಬಿಸಿಗಾಳಿ

ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಮೀಸಲು ಪ್ರದೇಶವೆಂದು 2007ರಲ್ಲಿ ಘೋಷಿತವಾದ ಮೈದನಹಳ್ಳಿಯ ಬಯಲು ಸುಮಾರು 798 ಎಕರೆಯಷ್ಟಿದೆ. ಬಹುಪಾಲು ತೆರೆದ ಹುಲ್ಲುಗಾವಲು. ನಡುನಡುವೆ ನೀಲಗಿರಿ ನೆಡುತೋಪು. ನೆರಳು ಕಡಿಮೆ. ಸೂರ್ಯ ಏರಿದಂತೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ತಂಪು ಗಾಳಿ ಆ ಜಾಗಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಮತ್ತು ತಂಪು ಗಾಳಿಯ ಸಾಂದ್ರತೆ ಬೇರೆಯಾದ್ದರಿಂದ ಅವುಗಳ ಮೂಲಕ ಹಾಯುವ ಬೆಳಕು ಬಾಗುವ ಪ್ರಮಾಣವೂ ಬೇರೆ. ಮೃಗದಿಂದ ಹೊರಟ ಬೆಳಕು ಇಂತಹ ನೂರಾರು ಪದರಗಳಲ್ಲಿ ವಕ್ರೀಭವನಗೊಂಡು ಕ್ಯಾಮೆರಾವನ್ನು ತಲುಪುವಷ್ಟರಲ್ಲಿ ತನ್ನ ಚಹರೆಯನ್ನೇ ಕಳೆದುಕೊಂಡಿರುತ್ತದೆ. ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಕಾಣುವ ಬಿಸಿಲ್ಗುದುರೆಯ ಬಳಗಕ್ಕೇ ಸೇರಿದ ವಿದ್ಯಮಾನವಿದು.

ಇದನ್ನು ಗುರುತಿಸುವುದು ಸುಲಭ. ಒಂದೇ ದೃಶ್ಯವನ್ನು ಬೆನ್ನುಬೆನ್ನಿಗೆ ಹತ್ತು ಬಾರಿ ತೆಗೆಯಬೇಕು. ಹತ್ತರಲ್ಲಿ ಒಂದೆರಡು ಚೂಪಾಗಿದ್ದು ಉಳಿದವು ಒಂದೊಂದೂ ಒಂದೊಂದು ರೀತಿ ಮಸುಕಾಗಿದ್ದರೆ, ಅಂಚುಗಳು ಅಲೆಯಂತೆ ಬಳುಕಿದ್ದರೆ, ಬಲುಮಟ್ಟಿಗೆ ಅದು ಗಾಳಿಯ ಕೆಲಸ. ಲೆನ್ಸಿನ ದೋಷಕ್ಕೆ ಇಂತಹ ಚಂಚಲತೆ ಇರುವುದಿಲ್ಲ. ಅದು ಚಿತ್ರದ ಅದೇ ಮೂಲೆಯಲ್ಲಿ, ಅದೇ ಪ್ರಮಾಣದಲ್ಲಿ ಪ್ರತಿ ಬಾರಿಯೂ ಕಾಣಿಸಿಕೊಳ್ಳುತ್ತದೆ.

ಹೆಚ್ಚು ಶಕ್ತಿಯ ಲೆನ್ಸು ಇದಕ್ಕೆ ಮದ್ದಲ್ಲ. ಮೃಗವನ್ನು ಹಿಗ್ಗಿಸುವ ಲೆನ್ಸು ಗಾಳಿಯ ಬಳುಕನ್ನೂ ಅಷ್ಟೇ ಹಿಗ್ಗಿಸುತ್ತದೆ. ಒಂದು ಸರಳ ಲೆಕ್ಕ ಹಾಕಬಹುದು. ಗಂಡು ಕೃಷ್ಣಮೃಗದ ಭುಜದೆತ್ತರ ಸುಮಾರು 80 ಸೆಂ.ಮೀ. ನೂರು ಮೀಟರ್ ದೂರದಿಂದ 600 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಸೆನ್ಸರ್ ಮೇಲೆ ಮೂಡುವ ಅದರ ಎತ್ತರ 4.8 ಮಿ.ಮೀ. ಐವತ್ತು ಮೀಟರಿನಿಂದ 300 ಮಿ.ಮೀ. ಲೆನ್ಸಿನಲ್ಲಿ ತೆಗೆದರೂ ಅದೇ 4.8 ಮಿ.ಮೀ. ಗಾತ್ರ ಒಂದೇ; ಆದರೆ ಎರಡನೆಯ ಚಿತ್ರದಲ್ಲಿ ಬೆಳಕು ದಾಟಬೇಕಾದ ಬಿಸಿಗಾಳಿ ಅರ್ಧದಷ್ಟು ಮಾತ್ರ.

ಹಾಗೆಂದು ಮೃಗದತ್ತ ನಡೆದುಹೋಗುವುದು ಪರಿಹಾರವಲ್ಲ. ಕಾಲ್ನಡಿಗೆಯಲ್ಲಿ ಬರುವ ಮನುಷ್ಯನನ್ನು ಕಂಡೊಡನೆ ಹಿಂಡು ಚದುರುತ್ತದೆ. ಅಟ್ಟಿಸಿಕೊಂಡು ಹೋದರೆ ಉರಿಬಿಸಿಲಿನಲ್ಲಿ ಅದರ ಶಕ್ತಿಯೆಲ್ಲ ಓಟಕ್ಕೇ ವ್ಯಯವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿಯನ್ನು ಚಿತ್ರಕ್ಕಾಗಿ ಅಟ್ಟಾಡಿಸುವುದು ಹವ್ಯಾಸದ ಹೆಸರಿಗೇ ಕಳಂಕ. ನಿಲ್ಲಿಸಿದ ವಾಹನಕ್ಕೆ ಮೃಗಗಳು ಅಷ್ಟಾಗಿ ಬೆದರುವುದಿಲ್ಲ. ಬೆಳಗಿನ ಮೊದಲ ಎರಡು ಗಂಟೆ ವಾಹನದಲ್ಲಿಯೇ ಕುಳಿತು, ಎಂಜಿನ್ ನಿಲ್ಲಿಸಿ ಕಾದರೆ ಹಿಂಡು ತಾನಾಗಿಯೇ ಸಮೀಪಿಸುವ ಸಾಧ್ಯತೆಯುಂಟು. ಎಂಜಿನ್ ನಿಲ್ಲಿಸುವುದರಿಂದ ಇನ್ನೊಂದು ಲಾಭವೂ ಇದೆ: ಬಾನೆಟ್ಟಿನ ಮೇಲಿಂದ ಏಳುವ ಬಿಸಿಗಾಳಿ ಹಾಗೂ ಎಂಜಿನ್ ನಡುಕ ಎರಡೂ ತಪ್ಪುತ್ತವೆ.

ಕಗ್ಗಲಡುವಿನ ನೇರಳೆ ಅಂಚು

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಪರಿಸ್ಥಿತಿ ತದ್ವಿರುದ್ಧ. ಇಲ್ಲಿ ಬಣ್ಣದ ಕೊಕ್ಕರೆಗಳು ಮತ್ತು ಬೂದು ಬಕಗಳು ಊರೊಳಗಿನ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ದೂರ ಇಲ್ಲಿ ಸಮಸ್ಯೆಯೇ ಅಲ್ಲ, 300 ಮಿ.ಮೀ. ಲೆನ್ಸು ಧಾರಾಳವಾಗಿ ಸಾಕು. ಸಮಸ್ಯೆ ಇರುವುದು ಹಕ್ಕಿಯ ಹಿಂದಿನ ಬೆಳ್ಳನೆಯ ಆಕಾಶದಲ್ಲಿ. ಕೊಕ್ಕರೆಯ ರೆಕ್ಕೆಯಂಚಿಗೂ ಒಣರೆಂಬೆಗಳಿಗೂ ನೇರಳೆ ಅಥವಾ ಹಸಿರು ಬಣ್ಣದ ಗೆರೆ ಅಂಟಿಕೊಂಡಿರುತ್ತದೆ.

ಇದು ನಿಜಕ್ಕೂ ಲೆನ್ಸಿನ ದೋಷ. ವರ್ಣ ವಿಪಥನ ಎಂಬುದು ಇದರ ಹೆಸರು. ಗಾಜು ನೀಲಿ ಬೆಳಕನ್ನು ಕೆಂಪು ಬೆಳಕಿಗಿಂತ ಹೆಚ್ಚು ಬಾಗಿಸುತ್ತದೆ. ಪಟ್ಟಕವು ಬಿಸಿಲನ್ನು ಏಳು ಬಣ್ಣಗಳಾಗಿ ಒಡೆಯುವುದೂ ಇದರಿಂದಲೇ. ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಸಂಗಮಿಸದಿದ್ದಾಗ ಅಂಚಿನಲ್ಲಿ ಬಣ್ಣ ಉಳಿಯುತ್ತದೆ. ಇದನ್ನು ತಗ್ಗಿಸಲು ಕಂಪನಿಗಳು ಬೆಳಕನ್ನು ಕಡಿಮೆ ಒಡೆಯುವ ವಿಶೇಷ ಗಾಜನ್ನು ಅಥವಾ ಫ್ಲೋರೈಟ್ ಹರಳನ್ನು ಬಳಸುತ್ತವೆ. ಕ್ಯಾನನ್ ಕಂಪನಿಯು ಫ್ಲೋರೈಟ್ ಬಳಸಿದ 300 ಮಿ.ಮೀ. ಲೆನ್ಸನ್ನು 1969ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು. ಲೆನ್ಸಿನ ಬೆಲೆ ಏರುವುದಕ್ಕೆ ಇಂತಹ ಗಾಜೂ ಒಂದು ಕಾರಣ.

ಈ ದೋಷದಲ್ಲಿ ಎರಡು ಬಗೆ. ಚಿತ್ರದ ನಡುವೆ ಇಲ್ಲದೆ ಅಂಚಿಗೆ ಸರಿದಂತೆಲ್ಲ ಹೆಚ್ಚುವ ಬಣ್ಣದ ಗೆರೆಯನ್ನು ಇಂದಿನ ಸಂಸ್ಕರಣಾ ತಂತ್ರಾಂಶಗಳು ಒಂದೇ ಕ್ಲಿಕ್ಕಿನಲ್ಲಿ ಅಳಿಸಬಲ್ಲವು. ಅದಕ್ಕಾಗಿ ಹೊಸ ಲೆನ್ಸು ಅನಗತ್ಯ. ಚಿತ್ರದ ನಡುವೆಯೂ ಕಾಣುವ, ಫೋಕಸ್ಸಿನ ಮುಂದೆ ನೇರಳೆಯಾಗಿ, ಹಿಂದೆ ಹಸಿರಾಗಿ ತೋರುವ ಬಣ್ಣ ಅಷ್ಟು ಸುಲಭಕ್ಕೆ ಹೋಗದು. ಅಪರ್ಚರನ್ನು ಒಂದೆರಡು ಹಂತ ಕಿರಿದಾಗಿಸಿದರೆ ಅದು ಗಣನೀಯವಾಗಿ ತಗ್ಗುತ್ತದೆ.

ಹಕ್ಕಿ ಕಪ್ಪಾಗಿ, ಆಕಾಶ ಮಾತ್ರ ಸರಿಯಾಗಿ ಬರುವುದು ಕಗ್ಗಲಡುವಿನ ಇನ್ನೊಂದು ದೂರು. ಇದು ಲೆನ್ಸಿನ ತಪ್ಪಲ್ಲ. ಕ್ಯಾಮೆರಾದ ಬೆಳಕಿನ ಮಾಪಕವು ಆಕಾಶದ ಪ್ರಖರತೆಗೆ ಮೋಸಹೋಗಿರುತ್ತದೆ. ಎಕ್ಸ್‌ಪೋಶರನ್ನು ಒಂದು ಹಂತದಷ್ಟು ಹೆಚ್ಚಿಸಿ, ಬಿಳಿ ಗರಿಗಳ ವಿವರ ಅಳಿಯದಂತೆ ನೋಡಿಕೊಂಡರೆ ಸಾಕು. ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು ಸಲ್ಲದು. ತಾಯಿಹಕ್ಕಿ ರೆಕ್ಕೆ ಹರಡಿ ಮರಿಗಳಿಗೆ ನೆರಳು ನೀಡುವ ಹೊತ್ತಿನಲ್ಲಿ ಅದನ್ನು ಎಬ್ಬಿಸಿದರೆ ಮರಿಗಳು ಸುಡುಬಿಸಿಲಿಗೆ ಬೀಳುತ್ತವೆ. ಊರಿನವರು ಮನೆಯಂಗಳದಲ್ಲಿ ಕಾಪಾಡಿಕೊಂಡು ಬಂದ ಹಕ್ಕಿಗಳಿಗೆ ಅತಿಥಿಗಳಿಂದ ಕೇಡಾಗಬಾರದು.

ಗೋರಿ, ಕೋಟೆ, ಏಕಶಿಲೆ

ಶಿರಾದ ಮಲಿಕ್ ರಿಹಾನ್ ಗೋರಿಯನ್ನಾಗಲೀ ಮಧುಗಿರಿಯ ದೇವಾಲಯಗಳನ್ನಾಗಲೀ ತೆಗೆಯಲು ಹೊರಟವರು ಅಗಲ ನೋಟದ ಲೆನ್ಸುಗಳನ್ನು ದೂರುತ್ತಾರೆ. ನೆಟ್ಟಗಿರಬೇಕಾದ ಗೋಡೆ ಪೀಪಾಯಿಯಂತೆ ಹೊರಕ್ಕೆ ಉಬ್ಬುವುದು ಲೆನ್ಸಿನ ವಿರೂಪ. ಅಪರ್ಚರ್ ಬದಲಿಸಿದರೆ ಇದು ಹೋಗದು; ತಂತ್ರಾಂಶದಿಂದ ಸರಿಪಡಿಸಬಹುದು. ಆದರೆ ಎರಡೂ ಗೋಡೆಗಳು ನೇರವಾಗಿಯೇ ಇದ್ದು ಮೇಲಕ್ಕೆ ಹೋದಂತೆ ಒಂದಕ್ಕೊಂದು ವಾಲುವುದು ಲೆನ್ಸಿನ ದೋಷವಲ್ಲ, ಕ್ಯಾಮೆರಾವನ್ನು ಮೇಲ್ಮುಖವಾಗಿ ಹಿಡಿದುದರ ಪರಿಣಾಮ. ಹತ್ತು ಹೆಜ್ಜೆ ಹಿಂದೆ ಸರಿದು ಕ್ಯಾಮೆರಾವನ್ನು ಸಮತಲವಾಗಿ ಹಿಡಿದರೆ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ.

ಸಮುದ್ರ ಮಟ್ಟದಿಂದ 1,193 ಮೀಟರ್ ಎತ್ತರದ ಮಧುಗಿರಿ ಏಕಶಿಲಾ ಬೆಟ್ಟವನ್ನು ಬುಡದಿಂದ ತುದಿಯವರೆಗೆ ಚೂಪಾಗಿ ತೆಗೆಯುವ ಹಂಬಲದಲ್ಲಿ ಅನೇಕರು ಅಪರ್ಚರನ್ನು ಎಫ್ 22ಕ್ಕೆ ಇಳಿಸುತ್ತಾರೆ. ಫಲ ವಿಪರೀತವಾಗುತ್ತದೆ. ಅತಿ ಕಿರಿದಾದ ರಂಧ್ರದ ಮೂಲಕ ಹಾಯುವ ಬೆಳಕು ವಿವರ್ತನೆಯಿಂದ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಹೆಚ್ಚಿನ ಲೆನ್ಸುಗಳು ಎಫ್ 5.6ರಿಂದ ಎಫ್ 11ರ ನಡುವೆ ತಮ್ಮ ಅತ್ಯುತ್ತಮ ಫಲ ನೀಡುತ್ತವೆ.

ಪಾವಗಡದ ಧೂಳು, ಕೊರಟಗೆರೆಯ ತೇವ

ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಪಾವಗಡ ಸೌರ ಪಾರ್ಕ್ 2018ರಲ್ಲಿ ಉದ್ಘಾಟನೆಯಾದ ಬಳಿಕ ತಿರುಮಣಿ ಸುತ್ತಲಿನ ದೃಶ್ಯವೇ ಬದಲಾಗಿದೆ. ಫಲಕಗಳ ಗಾಜಿನಿಂದ ಚಿಮ್ಮುವ ಪ್ರತಿಫಲನವನ್ನು ಪೋಲರೈಸರ್ ಫಿಲ್ಟರ್ ಬಹುಮಟ್ಟಿಗೆ ಕತ್ತರಿಸುತ್ತದೆ. ಅದಕ್ಕೆ ಬದಲಾಗಿ ಒಂದರಿಂದ ಎರಡು ಹಂತದಷ್ಟು ಬೆಳಕು ನಷ್ಟವಾಗುತ್ತದೆ.

ಈ ಒಣಸೀಮೆಯ ದೊಡ್ಡ ಶತ್ರು ಧೂಳು. ಬಯಲಿನಲ್ಲಿ ನಿಂತು ಲೆನ್ಸು ಬದಲಿಸಿದವರ ಚಿತ್ರಗಳಲ್ಲಿ ನೀಲಿ ಆಕಾಶದ ಮೇಲೆ ಬೂದು ಚುಕ್ಕೆಗಳು ಮೂಡುತ್ತವೆ. ಲೆನ್ಸು ಬದಲಿಸಿದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ, ಎಫ್ 16ರಲ್ಲಿ ಸ್ಪಷ್ಟವಾಗಿ ಕಂಡು ಎಫ್ 4ರಲ್ಲಿ ಮಾಯವಾದರೆ, ಧೂಳು ಕೂತಿರುವುದು ಸೆನ್ಸರ್ ಮೇಲೆ. ಗಾಳಿ ಊದುವ ರಬ್ಬರ್ ಬ್ಲೋಯರ್ ಸಾಕಾಗುವ ಕೆಲಸಕ್ಕೆ ಲೆನ್ಸು ಮಾರುವುದು ಅವಿವೇಕ. ಬಾಯಿಯಿಂದ ಊದುವುದು ಮಾತ್ರ ಕೂಡದು. ಎಂಜಲ ಹನಿ ಧೂಳಿಗಿಂತ ಕೆಟ್ಟದ್ದು.

ಕೊರಟಗೆರೆ ಕಡೆಯ ಸಿದ್ದರಬೆಟ್ಟ, ಚನ್ನರಾಯನದುರ್ಗಗಳನ್ನು ಮಳೆಗಾಲದಲ್ಲಿ ಏರುವವರು ಎಚ್ಚರ ವಹಿಸಬೇಕಾದದ್ದು ತೇವದ ಬಗ್ಗೆ. ಒದ್ದೆ ಚೀಲದಲ್ಲಿಯೇ ವಾರಗಟ್ಟಲೆ ಉಳಿದ ಲೆನ್ಸಿನ ಒಳಗಾಜಿನ ಮೇಲೆ ಬೂಷ್ಟು ಜೇಡರಬಲೆಯಂತೆ ಹಬ್ಬುತ್ತದೆ. ಅದು ಗಾಜಿನ ಲೇಪನವನ್ನೇ ತಿಂದುಹಾಕಬಲ್ಲದು. ಶೇ. 40ರಿಂದ 50ರಷ್ಟು ಆರ್ದ್ರತೆ ಇರುವ ಪೆಟ್ಟಿಗೆ ಲೆನ್ಸಿಗೆ ಸುರಕ್ಷಿತ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟರೂ ಆದೀತು.

ಕೊಳ್ಳುವ ಮುನ್ನ

ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂತಹ ಕನ್ನಡ ನಾಡಿನ ಹಿರಿಯರು ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಫಿಲ್ಮಿನ ಕಾಲದಲ್ಲಿ. ಒಂದು ಸುರುಳಿಗೆ 36 ಚಿತ್ರ, ಫೋಕಸ್ ಮಾಡಬೇಕಾದದ್ದು ಕೈಯಿಂದ. ಇಂದು ಸಲಕರಣೆ ಅದೆಷ್ಟೋ ಪಾಲು ಸಮರ್ಥವಾಗಿದೆ. ಆಯ್ಕೆ ಮಾತ್ರ ಕಷ್ಟವಾಗಿದೆ.

ಬೆಲೆಯ ಮರ್ಮ ಅರಿಯಲು ಒಂದು ಭಾಗಾಕಾರ ಸಾಕು. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ದ್ವಾರದ ವ್ಯಾಸ ಸಿಗುತ್ತದೆ. 600 ಮಿ.ಮೀ. ಎಫ್ 4 ಲೆನ್ಸಿಗೆ ಅದು 150 ಮಿ.ಮೀ.; ಅದೇ ಸಂಗಮದೂರದ ಎಫ್ 6.3 ಲೆನ್ಸಿಗೆ ಸುಮಾರು 95 ಮಿ.ಮೀ. ಮೊದಲನೆಯದು ಎರಡೂವರೆ ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಹತ್ತು ಲಕ್ಷ ರೂಪಾಯಿಯನ್ನೂ ಮೀರುತ್ತದೆ. ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ 150-600 ಮಿ.ಮೀ. ಲೆನ್ಸುಗಳು, 2015ರಲ್ಲಿ ಬಂದ ನಿಕಾನ್ 200-500 ಮಿ.ಮೀ. ಲೆನ್ಸು ಹವ್ಯಾಸಿಗಳ ಮೆಚ್ಚುಗೆ ಗಳಿಸಿದ್ದು ಈ ಅಂತರದಿಂದಲೇ. ಮೈದನಹಳ್ಳಿಯಂತಹ ತೆರೆದ ಬಯಲಿನಲ್ಲಿ ಬೆಳಕಿಗೆ ಬರವಿಲ್ಲ; ಎಫ್ 6.3 ಅಲ್ಲಿ ಸಾಕಾಗುತ್ತದೆ.

ಎಸ್‌ಎಲ್‌ಆರ್ ಕ್ಯಾಮೆರಾಗಳ ಬದಲು ಕನ್ನಡಿರಹಿತ ಕ್ಯಾಮೆರಾಗಳು ಬಂದಿರುವುದರಿಂದ ಹಳೆಯ ಲೆನ್ಸುಗಳು ಅಗ್ಗವಾಗಿ ದೊರೆಯುತ್ತಿವೆ. ಅಡಾಪ್ಟರ್ ಮೂಲಕ ಅವು ಹೊಸ ಕ್ಯಾಮೆರಾಗಳಲ್ಲೂ ಕೆಲಸ ಮಾಡುತ್ತವೆ. ಆದರೆ ಒಳಗೆ ಮೋಟಾರ್ ಇಲ್ಲದ ಹಳೆಯ ನಿಕಾನ್ ಲೆನ್ಸುಗಳಿಗೆ ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಸ್ವಯಂಚಾಲಿತ ಫೋಕಸ್ ಇರುವುದಿಲ್ಲ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಬಳಸಿದ ಲೆನ್ಸನ್ನು ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಬೇಕು. ಬೂಷ್ಟು ಇದ್ದರೆ ಬಲೆಯಂತೆ ಹೊಳೆಯುತ್ತದೆ. ಬಳಿಕ ಗೋಡೆಗೆ ದಿನಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಅಪರ್ಚರನ್ನು ಪೂರ್ತಿ ತೆರೆದು ಚಿತ್ರ ತೆಗೆಯಬೇಕು. ನಾಲ್ಕು ಮೂಲೆಗಳ ಅಕ್ಷರಗಳೂ ಒಂದೇ ಮಟ್ಟದಲ್ಲಿದ್ದರೆ ಲೆನ್ಸು ನೆಟ್ಟಗಿದೆ. ಒಂದು ಮೂಲೆ ಮಾತ್ರ ಕಲಸಿಹೋಗಿದ್ದರೆ ಒಳಗಿನ ಗಾಜು ಸ್ಥಾನ ತಪ್ಪಿದೆ. ಅಂತಹದನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಬಿಲ್ಲಿಲ್ಲದೆ ಕಡಿಮೆ ಬೆಲೆಗೆ ಸಿಗುವ ಹೊಸ ಲೆನ್ಸಿಗೆ ಕಂಪನಿಯ ವಾರಂಟಿ ದೊರೆಯದು ಎಂಬುದೂ ಗಮನದಲ್ಲಿರಲಿ.

ಈ ಪರೀಕ್ಷೆಗೆ ತಗಲುವ ಖರ್ಚು ಒಂದು ಹಳೆಯ ಪತ್ರಿಕೆ, ಅರ್ಧ ಗಂಟೆಯ ಸಮಯ. ಕೈಯಲ್ಲಿರುವ ಲೆನ್ಸು ಅದರಲ್ಲಿ ತೇರ್ಗಡೆಯಾದರೆ, ಮುಂದಿನ ಭಾನುವಾರ ಬೆಂಗಳೂರಿನಿಂದ ಆರು ಗಂಟೆಗೆ ಹೊರಡುವ ಬದಲು ನಾಲ್ಕಕ್ಕೇ ಹೊರಟು, ಸೂರ್ಯೋದಯಕ್ಕೆ ಮುನ್ನ ಮೈದನಹಳ್ಳಿ ಸೇರುವುದು ಲಕ್ಷ ರೂಪಾಯಿಯ ಹೊಸ ಲೆನ್ಸಿಗಿಂತ ಹೆಚ್ಚಿನ ಫಲ ನೀಡೀತು.